ಇಳಿವಯಸ್ಸಿನಲ್ಲಿ ಏರುವ ರಕ್ತದೊತ್ತಡ

ವಯಸ್ಸಿಗೆ ನೂರು ಕೂಡಿಸಿದರೆ ಎಷ್ಟಾಗುತ್ತದೋ ಅಷ್ಟು ರಕ್ತದೊತ್ತಡ ಇದ್ದರೆ ಚಿಂತೆಯಿಲ್ಲ ಎಂಬ ಲೆಕ್ಕವೊಂದು ನಮ್ಮಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಐವತ್ತರವರಿಗೆ 150, ಎಪ್ಪತ್ತೆರಡರ ಅಜ್ಜನಿಗೆ 172, ಎಂಬತ್ತು ದಾಟಿದ ಅಜ್ಜಿಗೆ 180 ಇದ್ದರೂ ‘ವಯಸ್ಸಿಗೆ ತಕ್ಕಂತೆ ಇದೆ’ ಎಂಬ ಸಮಾಧಾನ. ಗೋಕಾಕದ ಪೇಟೆಯಲ್ಲಾಗಲಿ, ಮೂಡಲಗಿಯ ದನದ ಸಂತೆಯಲ್ಲಾಗಲಿ, ಹುಕ್ಕೇರಿಯ ಬಸ್ ನಿಲ್ದಾಣದ ಕಟ್ಟೆಯ ಮೇಲಾಗಲಿ ಹಿರಿಯರ ಮಾತಿಗೆ ಕಿವಿಗೊಟ್ಟರೆ ಈ ಲೆಕ್ಕ ಇಂದಿಗೂ ಕೇಳಿಬರುತ್ತದೆ. ಲೆಕ್ಕ ಸುಲಭ, ನೆನಪಿಡಲು ಅನುಕೂಲ. ಆದರೆ ತಪ್ಪು.

ಇದನ್ನು ನಂಬಿದವರು ಹಳ್ಳಿಯ ಹಿರಿಯರು ಮಾತ್ರವಲ್ಲ. ಒಂದು ಕಾಲಕ್ಕೆ ವೈದ್ಯರೂ ಇದನ್ನೇ ಹೇಳುತ್ತಿದ್ದರು. ಧಮನಿಗಳು ಬಿರುಸಾಗಿರುವ ವೃದ್ಧರಲ್ಲಿ ಮೆದುಳಿಗೆ ರಕ್ತ ತಲುಪಬೇಕಾದರೆ ಒತ್ತಡ ಹೆಚ್ಚಿರಲೇಬೇಕು, ಅದನ್ನು ತಗ್ಗಿಸುವುದು ಅಪಾಯ ಎಂಬ ವಾದವಿತ್ತು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ರಕ್ತದೊತ್ತಡ ವರ್ಷಗಳ ಕಾಲ ಏರುತ್ತಲೇ ಇತ್ತು. 1945ರ ಏಪ್ರಿಲ್ 12ರಂದು ಅದು 300/190ಕ್ಕೆ ಮುಟ್ಟಿತು. ಅದೇ ದಿನ ಮೆದುಳಿನಲ್ಲಿ ರಕ್ತಸ್ರಾವವಾಗಿ ಅವರು ತೀರಿಕೊಂಡರು. ಆಗ ಅವರಿಗೆ ವಯಸ್ಸು ಕೇವಲ 63. ಜಗತ್ತಿನ ಅತಿ ಪ್ರಬಲ ವ್ಯಕ್ತಿಗೂ ಅಂದು ಕೊಡಲು ಹೇಳಿಕೊಳ್ಳುವಂಥ ಔಷಧಿ ಇರಲಿಲ್ಲ. ನಾಲ್ಕು ವರ್ಷಗಳ ನಂತರ, 1949ರಲ್ಲಿ, ಮುಂಬಯಿಯ ಹೃದಯ ತಜ್ಞ ಡಾ. ರುಸ್ತುಮ್ ಜಾಲ್ ವಕೀಲ್ ಅವರು ನಮ್ಮ ಸರ್ಪಗಂಧ ಬೇರಿನಿಂದ ರಕ್ತದೊತ್ತಡ ಇಳಿಯುತ್ತದೆಂದು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದು ಜಗತ್ತಿನ ಗಮನ ಸೆಳೆದರು. ಇಂದು ಸರ್ಪಗಂಧದ ಕಾಲ ಹೆಚ್ಚುಕಡಿಮೆ ಮುಗಿದಿದೆ. ಅದಕ್ಕಿಂತ ನಿರಪಾಯದ, ದಿನಕ್ಕೊಮ್ಮೆ ತೆಗೆದುಕೊಂಡರೆ ಸಾಕಾಗುವ, ಅಗ್ಗದ ಗುಳಿಗೆಗಳು ಎಲ್ಲ ಔಷಧಿ ಅಂಗಡಿಗಳಲ್ಲೂ ಸಿಗುತ್ತವೆ. ಆದರೂ ವಯಸ್ಸಿಗೆ ನೂರು ಕೂಡಿಸುವ ಲೆಕ್ಕ ಮಾತ್ರ ನಮ್ಮನ್ನು ಬಿಟ್ಟಿಲ್ಲ.

ಮೇಲಿನ ಅಂಕಿಯೇ ಏಕೆ ಏರುತ್ತದೆ?

ರಕ್ತದೊತ್ತಡವನ್ನು ಎರಡು ಅಂಕಿಗಳಲ್ಲಿ ಬರೆಯುತ್ತಾರೆ. ಹೃದಯ ಸಂಕುಚಿಸಿ ರಕ್ತವನ್ನು ಹೊರದೂಡಿದಾಗ ಇರುವುದು ಮೇಲಿನ ಅಂಕಿ. ಹೃದಯ ಸಡಿಲಗೊಂಡು ಮತ್ತೆ ತುಂಬಿಕೊಳ್ಳುವಾಗ ಇರುವುದು ಕೆಳಗಿನ ಅಂಕಿ. ಹೊಲದಲ್ಲಿ ಪಂಪ್‌ಸೆಟ್ ಇಟ್ಟವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಹೊಸ ರಬ್ಬರ್ ಪೈಪಿಗೆ ನೀರು ಬಿಟ್ಟರೆ ಅದು ತುಸು ಹಿಗ್ಗಿ ನೀರಿನ ಹೊಡೆತವನ್ನು ತಾಳಿಕೊಳ್ಳುತ್ತದೆ. ಹತ್ತು ಬೇಸಿಗೆ ಬಿಸಿಲು ಕಂಡ ಪೈಪು ಗಡುಸಾಗಿರುತ್ತದೆ, ಹಿಗ್ಗುವುದಿಲ್ಲ. ಪಂಪು ಹೊಡೆದಾಗಲೆಲ್ಲ ಪೂರ್ತಿ ಏಟು ಅದರ ಗೋಡೆಗೇ ಬೀಳುತ್ತದೆ. ಇಳಿವಯಸ್ಸಿನ ದೊಡ್ಡ ಧಮನಿಗಳ ಗತಿಯೂ ಇದೇ. ಆದ್ದರಿಂದ ಮೇಲಿನ ಅಂಕಿ ಏರುತ್ತ ಹೋಗುತ್ತದೆ, ಸುಮಾರು ಐವತ್ತೈದು ಅರವತ್ತರ ನಂತರ ಕೆಳಗಿನ ಅಂಕಿ ಇಳಿಯತೊಡಗುತ್ತದೆ. ಹಿರಿಯರ ಚೀಟಿಯಲ್ಲಿ 170/76, 180/70 ಎಂಬಂಥ ಅಂಕಿಗಳು ಕಾಣುವುದು ಇದಕ್ಕೇ.

ಇಂಥ ಚೀಟಿ ಹಿಡಿದು ‘ಕೆಳಗಿನದು ಚೆನ್ನಾಗಿದೆಯಲ್ಲ’ ಎಂದು ಸಮಾಧಾನಪಡುವವರು ಬಹಳ. ಆದರೆ ವಯಸ್ಸಾದವರಲ್ಲಿ ಪಾರ್ಶ್ವವಾಯು, ಹೃದಯಾಘಾತ, ಹೃದಯ ಸೋಲುವುದು, ಮೂತ್ರಪಿಂಡ ಕೆಡುವುದು ಇವೆಲ್ಲಕ್ಕೂ ಹೆಚ್ಚಾಗಿ ತಳುಕು ಹಾಕಿಕೊಂಡಿರುವುದು ಮೇಲಿನ ಅಂಕಿ. ಮರೆವಿನ ರೋಗಕ್ಕೂ ಅದರ ನಂಟಿದೆ. ವಯಸ್ಸಾದಂತೆ ಒತ್ತಡ ಏರುವುದು ಸಾಮಾನ್ಯ ಎಂಬುದು ನಿಜ. ಸಾಮಾನ್ಯವಾದದ್ದೆಲ್ಲ ನಿರಪಾಯವಲ್ಲ. ಕಣ್ಣಿನ ಪೊರೆಯೂ ಸಾಮಾನ್ಯವೇ, ಆದರೂ ಅದನ್ನು ತೆಗೆಸಿಕೊಳ್ಳುತ್ತೇವಷ್ಟೆ!

ಹಿರಿಯರಿಗೆ ಚಿಕಿತ್ಸೆ ಕೊಟ್ಟು ಫಲವಿದೆಯೇ?

‘ಇಷ್ಟು ವಯಸ್ಸಾಗಿದೆ, ಇನ್ನು ಗುಳಿಗೆ ತಿಂದು ಏನಾಗಬೇಕು?’ ಎಂಬ ಪ್ರಶ್ನೆಯನ್ನು ಅಜ್ಜ ಅಜ್ಜಿಯರಿಗಿಂತ ಮಕ್ಕಳು ಸೊಸೆಯಂದಿರೇ ಹೆಚ್ಚಾಗಿ ಕೇಳುತ್ತಾರೆ. ಇದಕ್ಕೆ ಉತ್ತರ ಮೂವತ್ತು ವರ್ಷಗಳ ಹಿಂದೆಯೇ ಸಿಕ್ಕಿದೆ. ಮೇಲಿನ ಅಂಕಿ ಮಾತ್ರ ಏರಿದ್ದ, ಅರವತ್ತು ದಾಟಿದ 4,736 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದ ಫಲಿತಾಂಶ 1991ರಲ್ಲಿ ಹೊರಬಂತು. ಅದರಲ್ಲಿ ಮೊದಲು ಕೊಟ್ಟದ್ದು ಕ್ಲೋರ್‌ಥ್ಯಾಲಿಡೋನ್ ಎಂಬ, ಮೂತ್ರ ಹೆಚ್ಚಿಸುವ ಹಳೆಯ ಅಗ್ಗದ ಗುಳಿಗೆ. ಅದನ್ನು ಪಡೆದವರಲ್ಲಿ ಪಾರ್ಶ್ವವಾಯು ನೂರಕ್ಕೆ 36ರಷ್ಟು ಕಡಿಮೆಯಾಯಿತು. 1997ರಲ್ಲಿ ಯುರೋಪಿನಿಂದ ಬೇರೊಂದು ಬಗೆಯ ಔಷಧಿ ಬಳಸಿದ ಅಧ್ಯಯನವೂ ಅದೇ ಮಾತು ಹೇಳಿತು.

ಹಾಗಾದರೆ ಎಂಬತ್ತು ದಾಟಿದವರು? ಅವರ ಬಗ್ಗೆ ಸಂಶಯ ಇನ್ನೂ ಉಳಿದಿತ್ತು. 2008ರಲ್ಲಿ ಅದೂ ತೀರಿತು. ಎಂಬತ್ತು ಮತ್ತು ಅದಕ್ಕೂ ಮೇಲಿನ ವಯಸ್ಸಿನ, ಮೇಲಿನ ಅಂಕಿ 160 ದಾಟಿದ್ದ 3,845 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಔಷಧಿ ಕೊಟ್ಟು ಒತ್ತಡವನ್ನು 150ರ ಹತ್ತಿರಕ್ಕೆ ತರುವ ಪ್ರಯತ್ನ ಮಾಡಿದರು. ಔಷಧಿ ಪಡೆದವರಲ್ಲಿ ಸಾವು ನೂರಕ್ಕೆ 21ರಷ್ಟು, ಹೃದಯ ಸೋಲುವುದು ನೂರಕ್ಕೆ 64ರಷ್ಟು ಕಡಿಮೆ ಕಂಡುಬಂತು. ಪ್ರಯೋಜನ ಎಷ್ಟು ಬೇಗ ಕಂಡಿತೆಂದರೆ ಅಧ್ಯಯನವನ್ನೇ ಅವಧಿಗೆ ಮೊದಲು ನಿಲ್ಲಿಸಲಾಯಿತು. ಅಂದರೆ ಫಲಕ್ಕಾಗಿ ಹತ್ತು ವರ್ಷ ಕಾಯಬೇಕಿಲ್ಲ. ಒಂದೆರಡು ವರ್ಷಗಳಲ್ಲೇ ಅದು ಕೈಗೆ ಬರುತ್ತದೆ. ಲಕ್ವಾ ಹೊಡೆದು ಮಲಗಿದಲ್ಲೇ ಆಗುವುದನ್ನು ತಪ್ಪಿಸುವುದೆಂದರೆ ಅಜ್ಜಿಗೆ ತನ್ನ ಕೈಯಿಂದ ತಾನೇ ಉಣ್ಣುವ ಭಾಗ್ಯ ಉಳಿಸಿಕೊಟ್ಟಂತೆ. ಮನೆಯ ಒಬ್ಬರು ದುಡಿಮೆ ಬಿಟ್ಟು ಆಕೆಯ ಬಳಿ ಕೂಡುವುದೂ ತಪ್ಪುತ್ತದೆ.

ಎಷ್ಟಕ್ಕೆ ಇಳಿಸಬೇಕು ಎಂಬುದರಲ್ಲಿ ತಜ್ಞರ ನಡುವೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಅರವತ್ತು ಎಪ್ಪತ್ತರವರಲ್ಲಿ ಮೇಲಿನ ಅಂಕಿ 140ರ ಕೆಳಗೆ ಇರಲೇಬೇಕು, ತಡೆದುಕೊಂಡರೆ 130ರ ಹತ್ತಿರ ತಂದರೆ ಇನ್ನೂ ಒಳ್ಳೆಯದು ಎನ್ನುವವರು ಹೆಚ್ಚು. ಅರವತ್ತರಿಂದ ಎಂಬತ್ತರೊಳಗಿನ ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ಚೀನಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಬೆಂಬಲಿಸಿತು. ಎಂಬತ್ತು ದಾಟಿದವರಲ್ಲಿ ಮೊದಲು 150ರ ಕೆಳಗೆ ತಂದು, ಮುಂದಿನದನ್ನು ಅವರ ಮೈಯ ತಾಕತ್ತು ನೋಡಿ ನಿರ್ಧರಿಸುವುದು ಜಾಣತನ. ಕೋಲು ಹಿಡಿದರೂ ತೂಗಾಡುವ, ಊಟ ಸೇರದ, ಮೈ ಇಳಿದುಹೋದ ಎಂಬತ್ತೆಂಟರ ಅಜ್ಜನನ್ನೂ, ಬೆಳಿಗ್ಗೆ ಎದ್ದು ಕಬ್ಬಿನ ಗದ್ದೆಗೆ ನೀರು ಕಟ್ಟಿ ಬರುವ ಎಪ್ಪತ್ತರ ಅಜ್ಜನನ್ನೂ ಒಂದೇ ಅಳತೆಗೋಲಿನಿಂದ ಅಳೆಯಲಾಗದು.

ಗುಳಿಗೆ ಬಿಡುವ ರೋಗ

ಭಾರತದಲ್ಲಿ 2017ರಿಂದ 2019ರವರೆಗೆ ನಡೆದ ದೊಡ್ಡ ಸಮೀಕ್ಷೆಯೊಂದರಲ್ಲಿ 45 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕಂಡು ಮಾತನಾಡಿಸಿದರು. ಅವರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ಏರು ರಕ್ತದೊತ್ತಡವಿತ್ತು. ಹಾಗೆ ಒತ್ತಡವಿದ್ದವರಲ್ಲಿ ತಮಗೆ ಅದು ಇದೆಯೆಂದು ಗೊತ್ತಿದ್ದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಗುಳಿಗೆ ತೆಗೆದುಕೊಳ್ಳುತ್ತಿದ್ದವರು ನೂರಕ್ಕೆ 39. ಹತೋಟಿಯಲ್ಲಿ ಇದ್ದವರು ಮೂರರಲ್ಲಿ ಒಬ್ಬರಷ್ಟೆ. ಔಷಧಿ ಇದೆ, ಅಗ್ಗವಿದೆ, ಸರ್ಕಾರಿ ದವಾಖಾನೆಯಲ್ಲಿ ಹಣವಿಲ್ಲದೆಯೂ ಸಿಗುತ್ತದೆ. ಆದರೂ ಮೂರರಲ್ಲಿ ಇಬ್ಬರಿಗೆ ಅದರ ಫಲ ಮುಟ್ಟುತ್ತಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ತಿಂಗಳೊಪ್ಪತ್ತು ಗುಳಿಗೆ ತೆಗೆದುಕೊಂಡ ಮೇಲೆ ಅಳೆಸಿದರೆ ‘ನಾರ್ಮಲ್’ ಎಂದು ಬರುತ್ತದೆ. ಗುಣವಾಯಿತೆಂದು ಗುಳಿಗೆ ನಿಲ್ಲುತ್ತದೆ. ನಾರ್ಮಲ್ ಆದದ್ದು ಗುಳಿಗೆಯಿಂದ, ರೋಗ ಹೋದದ್ದರಿಂದಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಜ್ವರದ ಗುಳಿಗೆ ಐದು ದಿನ, ಕೆಮ್ಮಿನ ಔಷಧಿ ಒಂದು ಬಾಟಲಿ ಎಂಬ ರೂಢಿಯಲ್ಲಿ ಬೆಳೆದ ನಮಗೆ ಬದುಕಿರುವವರೆಗೆ ದಿನವೂ ನುಂಗಬೇಕಾದ ಗುಳಿಗೆ ಹೊಸದು. ಇನ್ನು ‘ಒಮ್ಮೆ ಶುರು ಮಾಡಿದರೆ ಚಟವಾಗುತ್ತದೆ’ ಎಂಬ ಹೆದರಿಕೆ ಬೇರೆ. ಇದು ಚಟವಲ್ಲ. ಕನ್ನಡಕ ಹಾಕಿದವರು ಅದನ್ನು ತೆಗೆದರೆ ಮಂಜಾಗಿ ಕಾಣುವುದನ್ನು ಯಾರೂ ಚಟವೆನ್ನುವುದಿಲ್ಲ.

ಮತ್ತೊಂದು ಕಾರಣ ರೋಗದ ಮೌನ. ಏರು ರಕ್ತದೊತ್ತಡ ಬಹುತೇಕ ಜನರಲ್ಲಿ ಏನನ್ನೂ ತೋರಿಸುವುದಿಲ್ಲ. ತಲೆನೋವು ಬಂದರೆ ಬಿ.ಪಿ. ಏರಿದೆ, ನೋವಿಲ್ಲದಿದ್ದರೆ ಏರಿಲ್ಲ ಎಂದು ತಿಳಿದು ತಲೆನೋವು ಬಂದ ದಿನ ಮಾತ್ರ ಗುಳಿಗೆ ನುಂಗುವವರಿದ್ದಾರೆ. ಇದರಿಂದ ಪ್ರಯೋಜನವಿಲ್ಲ. ಒಮ್ಮೊಮ್ಮೆ ಹಾನಿಯೇ ಆಗುತ್ತದೆ.

ಗುಳಿಗೆ ಬೆಳಿಗ್ಗೆಯೋ ರಾತ್ರಿಯೋ ಎಂಬ ವಾದವೂ ಇತ್ತು. ಬ್ರಿಟನ್ನಿನಲ್ಲಿ ಇಪ್ಪತ್ತೊಂದು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿದ, 2022ರಲ್ಲಿ ಪ್ರಕಟವಾದ ಅಧ್ಯಯನ ಅದಕ್ಕೆ ತೆರೆ ಎಳೆಯಿತು. ಯಾವ ಹೊತ್ತಾದರೂ ಸರಿ, ನಿಮಗೆ ಮರೆಯದ ಹೊತ್ತು ಒಳ್ಳೆಯ ಹೊತ್ತು. ಬೆಳಗಿನ ಚಹದ ಡಬ್ಬಿಯ ಪಕ್ಕ ಗುಳಿಗೆಯ ಡಬ್ಬಿ ಇಟ್ಟರೆ ಅರ್ಧ ಕೆಲಸ ಆದಂತೆ. ಮೂತ್ರ ಹೆಚ್ಚಿಸುವ ಗುಳಿಗೆಯನ್ನು ಮಾತ್ರ ಬೆಳಿಗ್ಗೆಯೇ ತೆಗೆದುಕೊಳ್ಳುವುದು ವಾಸಿ. ಇಲ್ಲದಿದ್ದರೆ ಅಜ್ಜ ಕತ್ತಲಲ್ಲಿ ನಾಲ್ಕು ಸಲ ಎದ್ದು ಹಿತ್ತಲಿಗೆ ಹೋಗಬೇಕಾದೀತು.

ಒಂದು ಸಲ ಅಳೆದರೆ ಸಾಲದು

ಒಮ್ಮೆ ಅಳೆದು ಜನ್ಮಕ್ಕೆಲ್ಲ ಗುಳಿಗೆ ಬರೆಯುವುದೂ ಸರಿಯಲ್ಲ. ಬಸ್ಸಿನಲ್ಲಿ ನಿಂತು ಬಂದು, ಸರದಿಯಲ್ಲಿ ನೂಕಾಡಿ, ಡಾಕ್ಟರ ಮುಂದೆ ಕುಳಿತ ಕೂಡಲೇ ಅಳೆದರೆ ಯಾರ ಒತ್ತಡವೂ ಇಪ್ಪತ್ತು ಅಂಕಿ ಏರಿರುತ್ತದೆ. ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬೆನ್ನಿಗೆ ಆಸರೆ ಇರಲಿ, ಪಾದಗಳು ನೆಲಕ್ಕೆ ತಾಗಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕು. ಪಟ್ಟಿಯನ್ನು ಅಂಗಿಯ ತೋಳಿನ ಮೇಲೆ ಸುತ್ತಬಾರದು. ಅರ್ಧ ಗಂಟೆ ಮೊದಲಿನಿಂದ ಚಹ, ಬೀಡಿ, ತಂಬಾಕು ಬೇಡ. ಮೂತ್ರ ಒತ್ತಿಕೊಂಡು ಕೂಡಬಾರದು. ಅಳೆಯುವಾಗ ಮಾತನಾಡಬಾರದು (ನಮ್ಮ ಹಿರಿಯರಿಗೆ ಇದೇ ಎಲ್ಲಕ್ಕಿಂತ ಕಷ್ಟ). ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಮೊದಲ ಭೇಟಿಯಲ್ಲಿ ಎರಡೂ ತೋಳುಗಳಲ್ಲಿ ನೋಡಿ, ಹೆಚ್ಚು ತೋರಿದ ತೋಳನ್ನೇ ಮುಂದೆ ಬಳಸಬೇಕು.

ಮನೆಯಲ್ಲೇ ಅಳೆಯುವ ವಿದ್ಯುನ್ಮಾನ ಉಪಕರಣಗಳು ಈಗ ಸಾಮಾನ್ಯವಾಗಿವೆ. ಮೇಲ್ತೋಳಿಗೆ ಸುತ್ತುವಂಥದ್ದನ್ನೇ ಕೊಳ್ಳಿ. ಮಣಿಕಟ್ಟಿನದು ಅಷ್ಟು ನಂಬಿಕೆಗೆ ಅರ್ಹವಲ್ಲ. ಮನೆಯಲ್ಲಿ ಶಾಂತವಾಗಿ ಅಳೆದಾಗ ಸರಾಸರಿ 135/85ಕ್ಕಿಂತ ಹೆಚ್ಚಿದ್ದರೆ ಅದು ಏರಿದ ಒತ್ತಡವೇ. ಆದರೆ ದಿನಕ್ಕೆ ಹತ್ತು ಸಲ ಅಳೆಯುತ್ತ ಕೂತು, ಅಂಕಿ ನೋಡಿ ಗಾಬರಿಯಾಗಿ, ಗಾಬರಿಯಿಂದ ಮತ್ತೆ ಏರಿಸಿಕೊಳ್ಳುವವರೂ ಇದ್ದಾರೆ. ಡಾಕ್ಟರಲ್ಲಿಗೆ ಹೋಗುವ ಮುಂಚಿನ ನಾಲ್ಕಾರು ದಿನ ಬೆಳಿಗ್ಗೆ ಸಂಜೆ ಅಳೆದು, ಹಾಳೆಯ ಮೇಲೆ ಬರೆದುಕೊಂಡು ಹೋದರೆ ಸಾಕು.

ಒತ್ತಡ ತಟ್ಟನೆ 200 ತೋರಿಸಿದರೆ? ಎದೆನೋವು, ಉಬ್ಬಸ, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ತಕ್ಷಣ ದವಾಖಾನೆಗೆ ಒಯ್ಯಬೇಕು. ಇವು ಯಾವುವೂ ಇಲ್ಲದಿದ್ದರೆ ರೋಗಿಯನ್ನು ಸುಮ್ಮನೆ ಕೂರಿಸಿ ಮತ್ತೆ ಅಳೆಯಿರಿ. ಆಗಲೂ ಇಳಿಯದಿದ್ದರೆ ಅಂದೇ ವೈದ್ಯರನ್ನು ಕಾಣಿ. ನಿಫೆಡಿಪಿನ್ ಕ್ಯಾಪ್ಸೂಲನ್ನು ಚುಚ್ಚಿ ನಾಲಿಗೆಯ ಕೆಳಗೆ ಹಿಂಡುವ ಪದ್ಧತಿ ಹಿಂದೆ ಬಹಳ ಇತ್ತು. ಒತ್ತಡ ಒಮ್ಮೆಲೇ ಕುಸಿದು ಲಕ್ವಾ, ಹೃದಯಾಘಾತ ಆದದ್ದು ಕಂಡ ಮೇಲೆ ಅದನ್ನು ಕೈಬಿಡಲಾಯಿತು. ಯಾರಾದರೂ ಇಂದಿಗೂ ಅದನ್ನು ಸೂಚಿಸಿದರೆ ಬೇಡವೆನ್ನಿ.

ನಿಂತಾಗಲೂ ಅಳೆಯಲಿ

ಹಿರಿಯರ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿರುವುದು ಇದೊಂದು. ಕುಳಿತಾಗ 150 ಇದ್ದ ಒತ್ತಡ ಎದ್ದು ನಿಂತ ಕೂಡಲೇ 120ಕ್ಕೆ ಇಳಿಯಬಹುದು. ಕಣ್ಣಿಗೆ ಕತ್ತಲೆ ಕವಿಯುತ್ತದೆ, ಚಕ್ಕರ್ ಬರುತ್ತದೆ, ಅಜ್ಜಿ ಬಚ್ಚಲಲ್ಲಿ ಬೀಳುತ್ತಾಳೆ, ಚಪ್ಪೆಯ ಎಲುಬು ಮುರಿಯುತ್ತದೆ. ಲಕ್ವಾ ತಪ್ಪಿಸಲು ಹೋಗಿ ಅಜ್ಜಿಯನ್ನು ಹಾಸಿಗೆಗೆ ಹಾಕಿದಂತಾಗುತ್ತದೆ. ಆದ್ದರಿಂದ ಗುಳಿಗೆ ಶುರು ಮಾಡುವ ಮೊದಲು ಮತ್ತು ಪ್ರಮಾಣ ಹೆಚ್ಚಿಸಿದಾಗಲೆಲ್ಲ, ಎದ್ದು ನಿಂತ ಒಂದು ನಿಮಿಷ ಮತ್ತು ಮೂರು ನಿಮಿಷದ ನಂತರ ಅಳೆಯಬೇಕು. ಮೇಲಿನ ಅಂಕಿ ಇಪ್ಪತ್ತು ಅಥವಾ ಕೆಳಗಿನದು ಹತ್ತು ಇಳಿದರೆ ಎಚ್ಚರಿಕೆ ಬೇಕು. ವೈದ್ಯರು ಮರೆತರೆ ನೀವೇ ಕೇಳಿ. ಇದರಲ್ಲಿ ಸಂಕೋಚ ಬೇಡ.

ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಇದು ಹೆಚ್ಚು. ಪ್ರೋಸ್ಟೇಟ್ ಗ್ರಂಥಿಯ ತೊಂದರೆಗೆ ಗುಳಿಗೆ ತೆಗೆದುಕೊಳ್ಳುವ ಗಂಡಸರಲ್ಲಿಯೂ ಹೆಚ್ಚು. ಇಂಥವರು ನಸುಕಿನಲ್ಲಿ ಹಾಸಿಗೆಯಿಂದ ಗಡಬಡಿಸಿ ಏಳಬಾರದು. ಹೊರಳಿ, ಎದ್ದು ಕುಳಿತು, ಕಾಲು ನಾಲ್ಕು ಸಲ ಆಡಿಸಿ, ಆಮೇಲೆ ಗೋಡೆ ಹಿಡಿದು ನಿಲ್ಲಬೇಕು.

‘ಕಡಿಮೆಯಿಂದ ಶುರು, ನಿಧಾನವಾಗಿ ಮೇಲೆ’ ಎಂಬುದು ಹಿರಿಯರ ಔಷಧೋಪಚಾರದ ಹಳೆಯ ನಿಯಮ. ಸರ್ಕಾರಿ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಅಮ್ಲೋಡಿಪಿನ್‌ನಿಂದ ಆರಂಭಿಸಿ, ಸಾಲದಿದ್ದರೆ ಟೆಲ್ಮಿಸಾರ್ಟನ್, ಅದೂ ಸಾಲದಿದ್ದರೆ ಕ್ಲೋರ್‌ಥ್ಯಾಲಿಡೋನ್ ಸೇರಿಸುತ್ತಾರೆ. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಕಾಲ ಮಣಿಕಟ್ಟು ಬಾಯುತ್ತದೆ. ಅದು ಕಿಡ್ನಿ ಕೆಟ್ಟದ್ದರ ಗುರುತಲ್ಲ, ಗುಳಿಗೆ ಬದಲಿಸಿದರೆ ಹೋಗುತ್ತದೆ. ರ್‍ಯಾಮಿಪ್ರಿಲ್, ಎನಾಲಾಪ್ರಿಲ್ ಬಗೆಯವು ಕೆಲವರಿಗೆ ಒಣಕೆಮ್ಮು ತರುತ್ತವೆ. ಟೆಲ್ಮಿಸಾರ್ಟನ್ ಶುರುವಾದ ಕೆಲವು ವಾರಗಳಿಗೆ ಮೂತ್ರಪಿಂಡದ ಮತ್ತು ಪೊಟ್ಯಾಷಿಯಂನ ರಕ್ತಪರೀಕ್ಷೆ ಆಗಬೇಕು. ಅಟೆನೊಲಾಲ್ ಒಂದು ಕಾಲದ ಮೆಚ್ಚಿನ ಗುಳಿಗೆ. ಹೃದಯದ ಬೇರೆ ತೊಂದರೆ ಇಲ್ಲದ ಹಿರಿಯರಿಗೆ ಅದೀಗ ಮೊದಲ ಆಯ್ಕೆಯಲ್ಲ. ಆದರೆ ಅದನ್ನು ತಟ್ಟನೆ ನಿಲ್ಲಿಸುವುದು ಅಪಾಯ. ವೈದ್ಯರು ಹೇಳಿದಂತೆ ಇಳಿಸುತ್ತ ಬಿಡಬೇಕು.

ಬೇಸಿಗೆಯ ಮಾತು ಬೇರೆ. ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಬೆವರು ಹರಿದು ಒತ್ತಡ ತಾನಾಗಿ ಇಳಿಯುವುದುಂಟು. ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವ ಹಿರಿಯರಲ್ಲಿ ರಕ್ತದ ಸೋಡಿಯಂ ಕುಸಿದು ಮಂಕು, ತಪ್ಪು ಮಾತು, ನಿತ್ರಾಣ ಕಾಣಿಸಬಹುದು. ಮನೆಯವರು ‘ಅರಳುಮರಳು’ ಎಂದು ಸುಮ್ಮನಾಗುತ್ತಾರೆ. ಎರಡು ದಿನದಲ್ಲಿ ಹುಟ್ಟಿದ ಅರಳುಮರಳು ಎಂದೂ ವಯಸ್ಸಿನದಲ್ಲ, ರಕ್ತ ಪರೀಕ್ಷೆ ಮಾಡಿಸಿ. ವಾಂತಿ ಭೇದಿ ಆದ ದಿನಗಳಲ್ಲೂ ಈ ಗುಳಿಗೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ವೈದ್ಯರನ್ನು ಕೇಳಬೇಕು.

ಮೊಣಕಾಲಿನ ಸೂಜಿ, ಹಲ್ಲಿನ ಮಿಶ್ರಿ

ಮೂರು ಗುಳಿಗೆ ಕೊಟ್ಟರೂ ಒತ್ತಡ ಬಗ್ಗುತ್ತಿಲ್ಲ ಎಂದರೆ ಕೇಳಬೇಕಾದ ಮೊದಲ ಪ್ರಶ್ನೆ: ‘ನೋವಿಗೆ ಏನು ತಗೊಳ್ತೀರಿ?’ ಘಟಪ್ರಭಾ ಬಯಲಿನಲ್ಲಿ ಕಬ್ಬು ಕಡಿದು, ಕೊಡ ಹೊತ್ತು ಸವೆದ ಮೊಣಕಾಲುಗಳಿಗೆ ಲೆಕ್ಕವಿಲ್ಲ. ಗೋಕಾಕ ಫಾಲ್ಸ್‌ನಲ್ಲಿ 1887ರಷ್ಟು ಹಳೆಯ ಗಿರಣಿಯಿದೆ. ಅಲ್ಲಿ ದಶಕಗಳ ಕಾಲ ನಿಂತು ದುಡಿದು ನಿವೃತ್ತರಾದವರ ಕಾಲುಗಳ ಕಥೆಯೂ ಅದೇ. ಸಂತೆಯ ದಿನ ಒಂದು ಸೂಜಿ, ಔಷಧಿ ಅಂಗಡಿಯಿಂದ ಹತ್ತು ಡೈಕ್ಲೋಫಿನ್ಯಾಕ್ ಗುಳಿಗೆ. ಈ ಬಗೆಯ ನೋವಿನ ಔಷಧಿಗಳು ದೇಹದಲ್ಲಿ ಉಪ್ಪು ನೀರನ್ನು ಹಿಡಿದಿಟ್ಟು ಒತ್ತಡ ಏರಿಸುತ್ತವೆ. ಬಿ.ಪಿ. ಗುಳಿಗೆಯ ಬಲವನ್ನು ತಗ್ಗಿಸುತ್ತವೆ. ಟೆಲ್ಮಿಸಾರ್ಟನ್ ಮತ್ತು ಮೂತ್ರದ ಗುಳಿಗೆಯ ಜೊತೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಹೆಸರಿಲ್ಲದ ಪುಡಿಪೊಟ್ಟಣಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದೂ ಉಂಟು. ಸಾಮಾನ್ಯ ನೋವಿಗೆ ಪ್ಯಾರಾಸಿಟಮಾಲ್ ಮಿತವಾಗಿ, ಬಿಸಿ ಶಾಖ, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಕೈಗೊಂದು ಕೋಲು ಇವು ಮೇಲು.

ಎರಡನೆಯದು ತಂಬಾಕು. ನಿಪ್ಪಾಣಿಯ ತಂಬಾಕಿನ ನಾಡು ಹುಕ್ಕೇರಿಗೆ ನೆರೆಯೇ. ಬೀಡಿ ಸೇದದ ಹೆಂಗಸರೂ ಬೆಳಿಗ್ಗೆ ಹುರಿದ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವುದು ಈ ಗಡಿಭಾಗದ ಹಳೆಯ ರೂಢಿ. ‘ನಾನು ತಂಬಾಕು ತಿನ್ನುವುದಿಲ್ಲ’ ಎನ್ನುವ ಅಜ್ಜಿಗೂ ಒಸಡಿನಿಂದ ನಿಕೋಟಿನ್ ಸೇರುತ್ತಲೇ ಇರುತ್ತದೆ. ಆದ್ದರಿಂದ ತಂಬಾಕಿನ ಬಗ್ಗೆ ಕೇಳುವಾಗ ಮಿಶ್ರಿಯ ಹೆಸರು ಹಿಡಿದೇ ಕೇಳಬೇಕು.

ಉಪ್ಪಿನ ಸಂಗತಿ

ದಿನಕ್ಕೆ ಒಂದು ಚಹದ ಚಮಚೆಗಿಂತ, ಅಂದರೆ 5 ಗ್ರಾಂಗಿಂತ, ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಾವು ತಿನ್ನುವುದು ಅದಕ್ಕಿಂತ ಎಷ್ಟೋ ಹೆಚ್ಚು. ಇಲ್ಲಿ ನಮ್ಮ ಕಡೆಯ ಊಟಕ್ಕೆ ಒಂದು ಅನುಕೂಲವಿದೆ. ಜೋಳದ ರೊಟ್ಟಿಯ ಹಿಟ್ಟಿಗೆ ಹೆಚ್ಚಿನ ಮನೆಗಳಲ್ಲಿ ಉಪ್ಪು ಹಾಕುವುದಿಲ್ಲ. ತಾಪತ್ರಯ ಇರುವುದು ರೊಟ್ಟಿಯ ಪಕ್ಕದಲ್ಲಿ: ರಂಜಕ, ಕೆಂಪು ಹಿಂಡಿ, ಶೇಂಗಾ ಚಟ್ನಿ, ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿ, ಹಪ್ಪಳ. ವಯಸ್ಸಾದಂತೆ ನಾಲಿಗೆಗೆ ರುಚಿ ಮಂದವಾಗಿ ಅಜ್ಜ ಇನ್ನೊಂದು ಚಿಟಿಕೆ ಕೇಳುತ್ತಾನೆ. ಎಲ್ಲವನ್ನೂ ಒಮ್ಮೆಲೇ ಕಸಿದರೆ ಊಟವೇ ಬಿಟ್ಟಾನು. ಇದು ಇನ್ನೂ ಕೆಟ್ಟದ್ದು. ಚಟ್ನಿಗೆ ಅರ್ಧ ಉಪ್ಪು ಹಾಕಿ ನಿಂಬೆ, ಬೆಳ್ಳುಳ್ಳಿ, ಹುಣಸೆಯಿಂದ ರುಚಿ ತುಂಬಬಹುದು. ಉಪ್ಪಿನಕಾಯಿ ವಾರಕ್ಕೊಮ್ಮೆ ಸಾಕು. ಹೊಟ್ಟೆ ಉಬ್ಬರಕ್ಕೆ ತಿನ್ನುವ ಸೋಡಾದಲ್ಲೂ ಸೋಡಿಯಂ ಇದೆ ಎಂಬುದು ಅನೇಕರಿಗೆ ತಿಳಿಯದು. ಇನ್ನು ಗೋಕಾಕದ ಕರದಂಟು! ಅದರಲ್ಲಿ ಉಪ್ಪಿನ ಭಯವಿಲ್ಲ, ಬೆಲ್ಲದ ಲೆಕ್ಕ ಮಾತ್ರ ಸಕ್ಕರೆ ಕಾಯಿಲೆಯವರು ಇಡಬೇಕು.

ಚೀನಾದ 600 ಹಳ್ಳಿಗಳಲ್ಲಿ, ಹಿಂದೆ ಲಕ್ವಾ ಹೊಡೆದಿದ್ದ ಅಥವಾ ಅರವತ್ತು ದಾಟಿ ಏರು ಒತ್ತಡವಿದ್ದ ಸುಮಾರು 21 ಸಾವಿರ ಜನರನ್ನು ಐದು ವರ್ಷ ಗಮನಿಸಿದರು. ಅರ್ಧ ಹಳ್ಳಿಗಳಿಗೆ ಕಾಲುಭಾಗ ಪೊಟ್ಯಾಷಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು. ಅಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು ಇಳಿಯಿತು. 2021ರಲ್ಲಿ ಈ ಫಲಿತಾಂಶ ಬಂದ ಮೇಲೆ ಇಂಥ ಉಪ್ಪು ನಮ್ಮಲ್ಲೂ ಹೆಚ್ಚು ಮಾತಿಗೆ ಬಂದಿದೆ. ಆದರೆ ಮೂತ್ರಪಿಂಡದ ತೊಂದರೆ ಇದ್ದವರಿಗೆ, ಟೆಲ್ಮಿಸಾರ್ಟನ್ ಬಗೆಯ ಗುಳಿಗೆಯವರಿಗೆ ಪೊಟ್ಯಾಷಿಯಂ ಏರಿ ಹೃದಯಕ್ಕೆ ಅಪಾಯವಾಗಬಹುದು. ವೈದ್ಯರನ್ನು ಕೇಳದೆ ಕೊಳ್ಳಬೇಡಿ.

ಲಕ್ವಾ ಹೊಡೆದ ಗಳಿಗೆ

ಮುಖ ಒಂದು ಕಡೆ ವಾಲಿತು, ಒಂದು ಕೈ ಎತ್ತಲಾಗದು, ಮಾತು ತೊದಲಿತು. ಈ ಮೂರರಲ್ಲಿ ಒಂದು ಕಂಡರೂ ಗಡಿಯಾರ ನೋಡಿ, 108ಕ್ಕೆ ಕರೆ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಯನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ ತಲೆಯ ಸಿ.ಟಿ. ಸ್ಕ್ಯಾನ್ ಆಗಬೇಕು. ಗೋಕಾಕದಿಂದ ಬೆಳಗಾವಿಗೆ ಅರವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ, ಮೂಡಲಗಿಯಿಂದ ಇನ್ನೂ ಹೆಚ್ಚು. ಎಣ್ಣೆ ತಿಕ್ಕಿಸಲು, ನಾಟಿ ಔಷಧಿ ಹಾಕಿಸಲು ಒಂದು ಹಗಲು ಕಳೆದರೆ ಆ ಸಮಯ ಮತ್ತೆ ಬಾರದು. ಆಗ ಬಾಯಿಗೆ ನೀರಾಗಲಿ ಗುಳಿಗೆಯಾಗಲಿ ಹಾಕಬೇಡಿ, ಶ್ವಾಸನಾಳಕ್ಕೆ ಹೋದೀತು. ಒತ್ತಡ ಹೆಚ್ಚಿದೆಯೆಂದು ಮನೆಯಲ್ಲೇ ಬಿ.ಪಿ. ಗುಳಿಗೆ ನುಂಗಿಸುವುದೂ ಬೇಡ. ಆ ಹೊತ್ತಿನಲ್ಲಿ ಎಷ್ಟು ಇಳಿಸಬೇಕೆಂಬುದು ಸ್ಕ್ಯಾನ್ ನೋಡಿದ ವೈದ್ಯರ ಕೆಲಸ.

ಊರು ಬಿಟ್ಟಾಗ, ಹೊಳೆ ಬಂದಾಗ

ತಾಲ್ಲೂಕು ಆಸ್ಪತ್ರೆಗಳಲ್ಲಿ, ಸಮುದಾಯ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡದ ಗುಳಿಗೆಗಳನ್ನು ಉಚಿತವಾಗಿ ಕೊಡುತ್ತಾರೆ. ಮನೆಬಾಗಿಲಿಗೇ ಹೋಗಿ ರಕ್ತದೊತ್ತಡ, ಸಕ್ಕರೆ ನೋಡುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿತು. ನಿಮ್ಮ ಊರಿನಲ್ಲಿ ಏನು ಸಿಗುತ್ತದೆ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ತಿಳಿಯಬಹುದು. ಹೊರಗೆ ಕೊಳ್ಳುವವರಿಗೆ ಜನೌಷಧಿ ಅಂಗಡಿಗಳಲ್ಲಿ ಇವೇ ಗುಳಿಗೆಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಹೆಸರು ಬೇರೆ ಕಂಡರೆ ಗಾಬರಿ ಬೇಡ. ಒಳಗಿನ ಔಷಧಿಯ ಹೆಸರು, ಮಿಲಿಗ್ರಾಂ ಒಂದೇ ಇದೆಯೇ ಎಂದು ಅಂಗಡಿಯವರಿಂದ ಓದಿಸಿ.

ಗುಳಿಗೆ ತಪ್ಪುವುದು ಬಹುಮಟ್ಟಿಗೆ ಊರು ಬಿಟ್ಟಾಗ. ಆಷಾಢದಲ್ಲಿ ಪಂಢರಪುರದ ದಿಂಡಿಗೆ, ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ, ಮಗಳ ಊರಿಗೆ ಬಾಣಂತನಕ್ಕೆ. ನಾಲ್ಕು ದಿನಕ್ಕೆಂದು ಹೋದವರು ಹದಿನೈದು ದಿನ ಉಳಿಯುತ್ತಾರೆ, ಗುಳಿಗೆ ಮನೆಯ ಮಾಡದಲ್ಲಿರುತ್ತದೆ. ಉಪವಾಸದ ದಿನವೂ ಗುಳಿಗೆ ನೀರಿನೊಂದಿಗೆ ನಡೆಯಬೇಕು. ರೋಜಾ ಹಿಡಿಯುವವರು ಹೊತ್ತನ್ನು ಹೇಗೆ ಹೊಂದಿಸಬೇಕೆಂದು ಮೊದಲೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಬೇಕು.

ಇನ್ನು ಹೊಳೆಯ ದಂಡೆಯವರು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಓಣಿಗಳೂ ಮೂಡಲಗಿ ಭಾಗದ ಹಳ್ಳಿಗಳೂ ನೀರಿನಲ್ಲಿ ನಿಂತವು, ಲೋಳಸೂರ ಸೇತುವೆ ಮುಳುಗಿತು. ಅಂಥ ರಾತ್ರಿ ಮನೆ ಬಿಡುವವರ ಕೈಗೆ ದನಕರು, ಮಕ್ಕಳು, ಕಾಗದಪತ್ರ ಸಿಗುತ್ತವೆ, ಗುಳಿಗೆಯ ಡಬ್ಬಿ ಸಿಗುವುದಿಲ್ಲ. ಪರಿಹಾರ ಕೇಂದ್ರದ ವೈದ್ಯರು ‘ಯಾವ ಗುಳಿಗೆ?’ ಎಂದು ಕೇಳಿದರೆ ‘ಬಿಳಿ, ಸಣ್ಣದು’ ಎಂಬುದಷ್ಟೇ ಉತ್ತರವಾಗುತ್ತದೆ. ಬಿಳಿ ಸಣ್ಣ ಗುಳಿಗೆಗಳು ನೂರಾರು ಇವೆ. ಮಳೆಗಾಲ ಹಿಡಿಯುವ ಮುಂಚೆ ಹದಿನೈದು ದಿನದ ಗುಳಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರೇಷನ್ ಕಾರ್ಡು, ಆಧಾರ್ ಇಟ್ಟಲ್ಲೇ ಇಡಿ. ಔಷಧಿಯ ಹೆಸರಿರುವ ಚೀಟಿಯ ಫೋಟೋ ಮಗನ, ಮೊಮ್ಮಗಳ ಮೊಬೈಲಿನಲ್ಲಿರಲಿ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬಾರದು, ಎಂದಿನ ಹೊತ್ತಿಗೆ ಎಂದಿನಂತೆ ಒಂದನ್ನೇ ತೆಗೆದುಕೊಳ್ಳಬೇಕು. ವಾರಗಟ್ಟಲೆ ತಪ್ಪಿದ್ದರೆ ಹಳೆಯ ಮೂರು ಗುಳಿಗೆಗಳನ್ನೂ ಒಟ್ಟಿಗೆ ಶುರು ಮಾಡದೆ, ಒಮ್ಮೆ ಅಳೆಸಿ, ನಿಂತಾಗಲೂ ಅಳೆಸಿ, ಆಮೇಲೆ ಮುಂದುವರಿಸಿ.